ಕ್ರೀಮ್ ಹಚ್ಚಿದ ಜಾಗ ಬೆಳ್ಳಗಾಯಿತು, ಇದು ತೊನ್ನಾ?

ಪ್ರಶ್ನೆ (ಉಡುಪಿ, ಕ್ಯಾಟರಿಂಗ್ ಕೆಲಸ):
ನಮಸ್ಕಾರ ಡಾಕ್ಟ್ರೇ. ಮದುವೆ ಸೀಸನ್ ಅಂದರೆ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲೇ ದಿನವಿಡೀ ಕೈ. ಬಲಗೈಯ ಹಿಂಬದಿ ಕೆಂಪಾಗಿ, ಉರಿದು, ಬಿರುಕು ಬಿಟ್ಟಿದೆ. ಮೆಡಿಕಲ್‌ನಲ್ಲಿ ಒಂದು ಟ್ಯೂಬ್ ಕೊಟ್ಟರು. ಕ್ಲೋಬೆಟಾಸಾಲ್ 0.05% ಅಂತ ಬರೆದಿದೆ. ರಾತ್ರಿ ಹಚ್ಚುವಾಗ ಮಣಿಕಟ್ಟಿನ ಒಳಬದಿಗೂ ತಾಗಿತ್ತು. ಬೆಳಿಗ್ಗೆ ಅಲ್ಲಿ ಬೆಳ್ಳಗಿನ ಮಚ್ಚೆ! ಸಂಜೆಗೆ ಹೋಯಿತು. ಅತ್ತೆ ಮಾತ್ರ ತೊನ್ನು ಅಂತ ಹೆದರಿಸಿದ್ದಾರೆ. ಅಕ್ಕನ ಮನೆಯಲ್ಲಿ ಹೈಡ್ರೋಕಾರ್ಟಿಸೋನ್ 1% ಉಂಟು. 0.05 ಕ್ಕಿಂತ ಅದೇ ಸ್ಟ್ರಾಂಗ್ ಅಲ್ವಾ?

ಉತ್ತರ (ಚರ್ಮರೋಗ ವೈದ್ಯರು, ಮಂಗಳೂರು):
ತೊನ್ನಾಗಿದ್ದರೆ ಸಂಜೆಗೆ ಹೋಗುತ್ತಿರಲಿಲ್ಲ. ಅತ್ತೆಗೆ ಇಷ್ಟು ಹೇಳಿದರೆ ಸಾಕು. ಕ್ಲೋಬೆಟಾಸಾಲ್, ಹೈಡ್ರೋಕಾರ್ಟಿಸೋನ್ ಎರಡೂ ಸ್ಟೀರಾಯ್ಡ್, ಅಂದರೆ ಚರ್ಮದ ಕೆಂಪು, ತುರಿಕೆ ಇಳಿಸುವ ಔಷಧಿ. ಅದು ತಾಗಿದಲ್ಲಿ ಚರ್ಮದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ರಕ್ತ ಕಡಿಮೆಯಾದ ಜಾಗ ಬಿಳಿಚಿಕೊಳ್ಳುತ್ತದೆ.

ತಮಾಷೆ ಏನೆಂದರೆ, ಲ್ಯಾಬ್‌ಗಳಲ್ಲಿ ಈ ಕ್ರೀಮ್‌ಗಳ ಬಲ ಅಳೆಯುವುದೂ ಹೀಗೇ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬಿಬ್ಬರು ಈ ಪರೀಕ್ಷೆ ತಂದರು. ಆರೋಗ್ಯವಂತರ ಮುಂಗೈ ಒಳಬದಿಯಲ್ಲಿ ಸಣ್ಣ ಸಣ್ಣ ಜಾಗಕ್ಕೆ ಔಷಧಿ ಹಚ್ಚಿ, ಕೆಲವು ಗಂಟೆ ಬಿಟ್ಟು ಒರೆಸಿ, ಎಷ್ಟು ಬಿಳಿಚಿದೆ ಅಂತ ನೋಡುವುದು. ಮೊದಲು ಬರೀ ಕಣ್ಣಲ್ಲೇ ಅಂಕ ಕೊಡುತ್ತಿದ್ದರು. ಈಗ ಬಣ್ಣ ಅಳೆಯುವ ಕ್ರೋಮಾಮೀಟರ್ ಇದೆ. ಈ ಪರೀಕ್ಷೆಯಲ್ಲಿ ನಿಮ್ಮ 0.05% ಕ್ಲೋಬೆಟಾಸಾಲ್ ಅತಿ ಪ್ರಬಲ ಗುಂಪಿಗೆ ಸೇರುತ್ತದೆ, 1% ಹೈಡ್ರೋಕಾರ್ಟಿಸೋನ್ ತೀರಾ ಸೌಮ್ಯ ಗುಂಪಿಗೆ. ಟ್ಯೂಬಿನ ಶೇಕಡಾ ನೋಡಿ ಬಲ ಹೇಳಲು ಆಗುವುದೇ ಇಲ್ಲ.

ಆದರೆ ಅದು ಕೆರಳದ ಚರ್ಮದ ಲೆಕ್ಕ. ನಿಮ್ಮದು ಕೆರಳಿದ ಕೈ. ಅದಕ್ಕೆ ಬೇರೆ ಪ್ರಯೋಗ. ಸೋಪಿನಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟನ್ನು ಪಟ್ಟಿ ಕಟ್ಟಿ 24 ಗಂಟೆ ಇಟ್ಟು ಚರ್ಮವನ್ನು ಬೇಕೆಂದೇ ಕೆರಳಿಸುತ್ತಾರೆ. ಆಮೇಲೆ ಒಂದು ಜಾಗಕ್ಕೆ ಸ್ಟೀರಾಯ್ಡ್, ಒಂದಕ್ಕೆ ಔಷಧಿ ಇಲ್ಲದ ಕ್ರೀಮ್, ಒಂದಕ್ಕೆ ಏನೂ ಇಲ್ಲ. ಕೆಂಪು ಎಷ್ಟು ಇಳಿಯಿತು, ಚರ್ಮದಿಂದ ನೀರು ಎಷ್ಟು ಆವಿಯಾಗುತ್ತಿದೆ, ಎರಡನ್ನೂ ಯಂತ್ರದಲ್ಲಿ ಅಳೆಯುತ್ತಾರೆ. ಕೆಂಪು ಹೋದರೂ ನೀರು ಸೋರುತ್ತಿದ್ದರೆ ಚರ್ಮದ ತಡೆಗೋಡೆ ಕೂಡಿಲ್ಲ ಎಂದರ್ಥ. ಸೋಪಿನ ಉರಿಗೆ ಸ್ಟೀರಾಯ್ಡ್ ಎಷ್ಟು ಉಪಯೋಗ ಎಂಬುದರಲ್ಲಿ ಈ ಪ್ರಯೋಗಗಳು ಒಂದೇ ಮಾತು ಹೇಳಿಲ್ಲ. ನನ್ನ ಕೇಳಿದರೆ ಟ್ಯೂಬಿಗಿಂತ ಗ್ಲೌಸ್ ಮುಖ್ಯ. ಒಳಗೆ ತೆಳು ಹತ್ತಿಯದು, ಮೇಲೆ ರಬ್ಬರಿನದು.

ಇನ್ನೊಬ್ಬರು (ಸುರತ್ಕಲ್):
ಹಾಗಾದರೆ ಮುಖಕ್ಕೆ ಹಚ್ಚಿದರೂ ಬೆಳ್ಳಗಾಗಬಹುದಲ್ವಾ? ನಮ್ಮ ಹುಡುಗಿಯರು ಸುಮ್ನೆ ತಂದು ಹಚ್ಚುತ್ತಾರೆ.

ಉತ್ತರ:
ಬೇಡ ಮಾರಾಯ್ರೆ! ಮುಖದ ಚರ್ಮ ಮುಂಗೈಗಿಂತ ಎಷ್ಟೋ ಪಟ್ಟು ಜಾಸ್ತಿ ಹೀರುತ್ತದೆ. ಕೆಲವು ವಾರ ಚೆಂದ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಮೊಡವೆ ಬಂದು, ಬಿಟ್ಟ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ. ಇಂಥ ಮುಖಗಳನ್ನು ಓಪಿಡಿಯಲ್ಲಿ ನೋಡಿ ನೋಡಿ ಬೇಜಾರಾಗಿದೆ. 2018ರಲ್ಲಿ ಹಲವು ಸ್ಟೀರಾಯ್ಡ್ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದ್ದಾರೆ, ಚೀಟಿ ಇಲ್ಲದೆ ಕೊಡಬಾರದು.

ಪ್ರಶ್ನೆ ಕೇಳಿದವರು:
ಅತ್ತೆ ಸಮಾಧಾನವಾದರು. ನಾನು ಎಷ್ಟು ಹಚ್ಚಲಿ? ಬೆರಳ ಸಂದಿಯಲ್ಲೂ ಬೆಳ್ಳಗೆ ನೆನೆದ ಹಾಗೆ ಉಂಟು, ಅದು ಮಾತ್ರ ಹೋಗುತ್ತಿಲ್ಲ.

ಉತ್ತರ:
ಅದನ್ನು ಮೊದಲೇ ಹೇಳಬೇಕಿತ್ತು! ಸದಾ ಒದ್ದೆ ಇರುವ ಸಂದಿಯಲ್ಲಿ ಫಂಗಸ್ ಇರಬಹುದು. ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ಅಡಗುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ. ಅಲ್ಲಿಗೆ ಇವತ್ತಿನಿಂದಲೇ ನಿಲ್ಲಿಸಿ. ಹಿಂಬದಿಗೆ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈ ಅಗಲಕ್ಕೆ ಸಾಕು. ನಿಮಗೆ ಅದರ ಅರ್ಧವೂ ಜಾಸ್ತಿಯೇ. ಕ್ಲೋಬೆಟಾಸಾಲ್ ಎರಡು ವಾರ ದಾಟಬಾರದು. ನಾಳೆ ಸಂದಿಯನ್ನು ಒಣಗಿಸಿ, ಏನೂ ಹಚ್ಚದೆ, ಬೆಳಕಿನಲ್ಲಿ ಒಂದು ಫೋಟೊ ಹಾಕಿ.