ಕೆರೆ ಹೂಳು ಹೊಲಕ್ಕೆ ಹೋಗುವ ಮುಂಚೆ: ಅದರಲ್ಲಿ ಹಳೆಯ ಮಳೆಯ ಲೆಕ್ಕ ಸಿಗುತ್ತದೆಯೇ?

ಸೇಡಂ ರೈತ:
ನಮ್ಮೂರ ಕೆರಿ ಈ ಬ್ಯಾಸಗಿಗಿ ಪೂರಾ ಬತ್ತ್ಯಾದ. ಸೋಮವಾರದಿಂದ ಹೂಳು ತೆಗೀತಾರ, ನಮ್ಮ ಹೊಲಕ್ಕೂ ಒಂದಿಷ್ಟು ಟ್ರ್ಯಾಕ್ಟರ್ ಹಾಕಿಸಬೇಕಂತ ಅದೀನಿ. ಊರಾಗಿನ ಮಾಸ್ತರ್ ಒಬ್ಬರು, ‘ಹೂಳಿನಾಗ ನೂರಾರು ವರ್ಷದ ಮಳಿ ಲೆಕ್ಕ ಇರ್ತದ, ಎಲ್ಲಾ ತೆಗಿಸಬ್ಯಾಡ್ರಿ’ ಅಂದ್ರು. ಮಣ್ಣು ನೋಡಿ ಮಳಿ ಹ್ಯಾಂಗ ಹೇಳ್ತಾರ? ತಿಳಿದವರು ಹೇಳ್ರಿ.

ಬೀದರ್ ಭೂವಿಜ್ಞಾನ:
ಮಾಸ್ತರ್ ಹೇಳಿದ್ದರಲ್ಲಿ ಹುರುಳಿದೆ ಅಣ್ಣಾ. ಮಳೆನೀರಿನ ಜೊತೆ ಮಣ್ಣು, ಎಲೆ, ಹೂವಿನ ಪರಾಗ, ಇದ್ದಿಲಿನ ಚೂರು ಎಲ್ಲ ಹರಿದು ಬಂದು ತಳ ಸೇರುತ್ತವೆ. ವರ್ಷದ ಮೇಲೆ ವರ್ಷ ಪದರ ಕೂರುತ್ತದೆ. ಕೊಳವೆ ಇಳಿಸಿ ಆ ಪದರಗಳನ್ನು ಕಲಕದೆ ಮೇಲೆತ್ತಿದರೆ, ಒಂದೊಂದನ್ನೇ ಬಿಡಿಸಿ ಓದಬಹುದು. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ ನೋಡಿ. ಉಲ್ಕೆ ಬಿದ್ದು ಆದ ಹೊಂಡ, ನಮ್ಮ ಬೀದರಿನ ಹಾಗೇ ಕರಿಕಲ್ಲಿನ ನೆಲ. ಅಲ್ಲಿ ತೆಗೆದ ಸುಮಾರು 10 ಮೀಟರ್ ಹೂಳಿನಲ್ಲಿ 11,000 ವರ್ಷಗಳ ಕಥೆ ಇತ್ತು. ಎರಡು ಕಡೆ ಗೇಲುಸೈಟ್ ಎಂಬ ಹರಳು ಸಿಕ್ಕಿತು: ಸೋಡಿಯಂ, ಕ್ಯಾಲ್ಸಿಯಂ ಕಾರ್ಬೊನೇಟಿನದು, ಸರೋವರ ಬತ್ತಿ ನೀರು ತೀರಾ ಉಪ್ಪಾದಾಗ ಮಾತ್ರ ಕಟ್ಟುವಂಥದ್ದು. ಒಂದು ಕಡೆಯದು ಇಂದಿಗೆ 4,600ರಿಂದ 3,900 ವರ್ಷ ಹಿಂದಿನದು, ಇನ್ನೊಂದು 2,000ದಿಂದ 600 ವರ್ಷ ಹಿಂದಿನದು. ಅಂದರೆ ದಖ್ಖನ್ನಿನಲ್ಲಿ ತಲೆಮಾರುಗಟ್ಟಲೆ ಮಳೆ ಸೊರಗಿದ್ದ ಕಾಲಗಳು.

ಶಹಾಬಾದಿನವ:
ಲೋಣಾರ್ ಬೇರೆ, ನಮ್ಮ ಕೆರೆ ಬೇರೆ. ಅದು ತಾನಾಗಿ ಆದ ಹೊಂಡ, ಹೊರಗೆ ಹರಿಯುವ ದಾರಿಯೇ ಇಲ್ಲ. ನಮ್ಮವು ಜನ ಕಟ್ಟಿದ ಕೆರೆಗಳು, ಹೆಚ್ಚೆಂದರೆ ಕೆಲವು ನೂರು ವರ್ಷದವು. ಕೋಡಿ ಬಿದ್ದರೆ ಹೂಳೂ ಕೊಚ್ಚಿ ಹೋಗುತ್ತದೆ. ಮೇಲಾಗಿ ಎರೆಮಣ್ಣು. ಬೇಸಿಗೆಯಲ್ಲಿ ಒಂದು ಮೀಟರಿಗೂ ಆಳ ಬಿರುಕು ಬಿಡುತ್ತದೆ, ಮೇಲಿನ ಮಣ್ಣು ಕೆಳಗೆ ಬೀಳುತ್ತದೆ, ಮಳೆ ಬಂದಾಗ ಉಬ್ಬಿ ಮುಚ್ಚಿಕೊಳ್ಳುತ್ತದೆ. ಮೊಮ್ಮಗನ ಕಾಲದ ಪರಾಗ ಮುತ್ತಜ್ಜನ ಪದರದಲ್ಲಿ ಸಿಗುತ್ತದೆ. ಹಾಗೆ ಕಲಸಿದ್ದನ್ನು ಓದಿ ಏನು ಹೇಳುತ್ತೀರಿ?

ಇನ್ನೊಂದು ಮಾತು. ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲ ಸುಣ್ಣಕಲ್ಲಿನ ನೆಲ. ಮನೆಗೆ ಹಾಸುವ ಫರಸಿ ಅದೇ ಕಲ್ಲು. ಹೂಳಿನ ವಯಸ್ಸು ನೋಡುವುದು ಕಾರ್ಬನ್-14 ಎಂಬ, ತಾನಾಗಿ ಕ್ಷಯಿಸುತ್ತಾ ಹೋಗುವ ಇಂಗಾಲದಿಂದ, ಅದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಕೋಟಿಗಟ್ಟಲೆ ವರ್ಷ ಹಳೆಯ ಸುಣ್ಣಕಲ್ಲಿನಲ್ಲಿ ಅದು ಚೂರೂ ಉಳಿದಿಲ್ಲ. ಆ ಕಲ್ಲು ಕರಗಿದ ನೀರಿನಲ್ಲಿ ಬೆಳೆದ ಪಾಚಿ, ಬಸವನಹುಳದ ಚಿಪ್ಪು ಪರೀಕ್ಷೆಗೆ ಕೊಟ್ಟರೆ, ಇರುವುದಕ್ಕಿಂತ ನೂರಾರು ವರ್ಷ ಹೆಚ್ಚು ವಯಸ್ಸು ತೋರಿಸಬಹುದು. ವಯಸ್ಸೇ ತಪ್ಪಿದರೆ ಬರ ಯಾವ ಶತಮಾನದ್ದು ಅಂತ ಹೇಳುವುದು ಹೇಗೆ?

ಬೀದರ್ ಭೂವಿಜ್ಞಾನ:
ಸುಣ್ಣದ ತೊಂದರೆಗೆ ದಾರಿ ಇದೆ ಸರ್. ಚಿಪ್ಪು ಬಿಟ್ಟು ನೆಲದ ಮೇಲಿನ ಗಿಡದ ಎಲೆ, ಬೀಜ, ಇದ್ದಿಲು ಆರಿಸಿ ಕೊಡಬೇಕು. ಅವು ಗಾಳಿಯಿಂದ ಇಂಗಾಲ ತೆಗೆದುಕೊಂಡವು, ಕಲ್ಲಿನ ಕಾಟ ಇಲ್ಲ. ತೀರಾ ಈಚಿನ ನೂರು ವರ್ಷಕ್ಕೆ ಸೀಸ-210 ಇದೆ, 22 ವರ್ಷಕ್ಕೆ ಅರ್ಧವಾಗುತ್ತದೆ. ಅಣುಬಾಂಬ್ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 ಹೂಳಿನಲ್ಲಿ 1963ರ ಸುಮಾರಿಗೆ ಗುರುತು ಬಿಟ್ಟಿರುತ್ತದೆ.

ಬಿರುಕಿನ ಮಾತು ಒಪ್ಪುತ್ತೇನೆ. ಅದಕ್ಕೇ ಅಂಚಿನಲ್ಲಿ ಅಗೆಯಬಾರದು, ನೀರು ಕೊನೆಯವರೆಗೂ ನಿಲ್ಲುವ ಆಳದ ಜಾಗವೇ ಬೇಕು. ಅಲ್ಲಿ ಬಿರುಕು ಕಡಿಮೆ. ಮಣ್ಣು ಒಣಗಿ ಗಾಳಿಯಾಡಿದರೆ ಪರಾಗ ಕೊಳೆತು ಹೋಗುತ್ತದೆ, ಸದಾ ಹಸಿ ಇದ್ದ ಕಡೆ ಉಳಿಯುತ್ತದೆ.

ಸುರಪುರ ಓದುಗಳು:
ಪರಾಗ ಕೊಳೆತರೂ ಎಲೆಯ ಮೇಣ ಉಳಿಯುತ್ತದೆ ಅಂತ ನಮ್ಮ ಮೇಡಂ ಪಾಠದಲ್ಲಿ ಹೇಳಿದ್ದರು. ಗೋದಾವರಿ ಬಂಗಾಳ ಕೊಲ್ಲಿಗೆ ಸೇರುವ ಕಡೆ ಸಮುದ್ರದ ತಳದಿಂದ ತೆಗೆದ ಹೂಳಿನಲ್ಲಿ ಅದನ್ನೇ ಅಳೆದಿದ್ದಾರೆ. ಜೋಳ, ನವಣೆ, ಒಣ ನೆಲದ ಹುಲ್ಲು ಇಂಗಾಲ ಹಿಡಿಯುವ ಬಗೆ ಒಂದು, ತೊಗರಿ, ಎಳ್ಳು, ಮರಗಳದ್ದು ಇನ್ನೊಂದು. ಮೇಣದಲ್ಲಿ ಭಾರದ ಇಂಗಾಲದ ಪಾಲು ಹೆಚ್ಚಿದ್ದರೆ ಜೋಳದ ಬಗೆಯ ಗಿಡಗಳು ಹೆಚ್ಚಿದ್ದವು ಅಂತ ಅರ್ಥ. ಸುಮಾರು 4,000 ವರ್ಷ ಹಿಂದಿನಿಂದ ಅದು ಏರುತ್ತಾ ಬಂದು, 1,700 ವರ್ಷ ಹಿಂದಿನ ಹೊತ್ತಿಗೆ ದಖ್ಖನ್ ಒಣಗಿತ್ತು ಅನ್ನುತ್ತಾರೆ.

ಶಹಾಬಾದಿನವ:
ತಂಗಿ, ಅಲ್ಲೇ ನನ್ನ ತಕರಾರು ಇರುವುದು. ಅದೇ ಕಾಲಕ್ಕೆ ಜನ ಕಾಡು ಕಡಿದು ಹೊಲ ಮಾಡುತ್ತಿದ್ದರು. ನಿಮ್ಮ ಸುರಪುರದ ಬೂದಿಹಾಳದಲ್ಲೇ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದ ಬೂದಿ ದಿಬ್ಬ ಇದೆ. ಮರ ಹೋಗಿ ಹುಲ್ಲು, ನವಣೆ ಬಂದದ್ದು ಮಳೆ ಕಡಿಮೆಯಾಗಿಯೋ, ಕೊಡಲಿ ಬಿದ್ದೋ? ಮೇಣ ಒಂದರಿಂದಲೇ ಅದು ಗೊತ್ತಾಗುವುದಿಲ್ಲ.

ಸುರಪುರ ಓದುಗಳು:
ಒಂದೇ ಸಾಕ್ಷಿ ಸಾಲದು, ಸರಿ. ಆದರೆ ಲೋಣಾರಿನ ಹರಳನ್ನು ಯಾರೂ ಕೊಡಲಿಯಿಂದ ಮಾಡಲಿಲ್ಲವಲ್ಲ ಸರ್? ಎರಡೂ ಒಣಗಾಲವನ್ನೇ ತೋರಿಸುತ್ತಿವೆ. ಹರಿಯಾಣದ ಕೋಟ್ಲಾ ದಾಹರ್ ಎಂಬ ಹಳೆಯ ಕೆರೆಯಲ್ಲಿ ಬಸವನಹುಳದ ಚಿಪ್ಪಿನಲ್ಲಿ ಭಾರದ ಆಮ್ಲಜನಕದ ಪಾಲು (ಕೆರೆ ಬತ್ತಿದಷ್ಟೂ ಅದು ಹೆಚ್ಚುತ್ತದೆ) ಅಳೆದಾಗಲೂ 4,100 ವರ್ಷ ಹಿಂದೆ ಮುಂಗಾರು ದಿಢೀರನೆ ಸೊರಗಿದ್ದು ಕಂಡಿದೆ.

ಕೋಟೆ ಕಲಬುರಗಿ:
ಇಷ್ಟು ಹಿಂದಕ್ಕೆ ಯಾಕೆ ಹೋಗಬೇಕು? ಬಹಮನಿಗಳು ಕಲಬುರಗಿ ಬಿಟ್ಟು ಬೀದರಿಗೆ ಹೋದದ್ದೇ ಬರದಿಂದ ಅಲ್ಲವೇ? 1396ರಿಂದ 1407ರವರೆಗೆ ದುರ್ಗಾದೇವಿ ಬರ. ಛತ್ತೀಸಗಢದ ದಂಡಕ ಗುಹೆಯಲ್ಲಿ ನೀರು ತೊಟ್ಟಿಕ್ಕಿ ಪದರ ಪದರವಾಗಿ ಬೆಳೆದ ಸುಣ್ಣದ ಕಂಬದಲ್ಲೂ 14–15ನೇ ಶತಮಾನದ ದೊಡ್ಡ ಬರಗಳು ಕಂಡಿವೆ. ರಾಜಧಾನಿ ಬದಲಿಸಿದ ಸುಲ್ತಾನ ಅಹ್ಮದ್ ಶಾಹ ಮಳೆಗಾಗಿ ಪ್ರಾರ್ಥಿಸಿದ, ಮಳೆ ಬಂತು, ಜನ ‘ವಲಿ’ (ಸಂತ) ಎಂದರು ಅಂತ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ.

ಬೀದರ್ ಭೂವಿಜ್ಞಾನ:
ಬರ ಇತ್ತು ಅನ್ನುವುದಕ್ಕೆ ಗುಹೆಯೂ ಇತಿಹಾಸಕಾರನೂ ಇಬ್ಬರೂ ಸಾಕ್ಷಿ, ಅದು ದೊಡ್ಡ ವಿಷಯ. ರಾಜಧಾನಿ ಅದಕ್ಕೇ ಹೋಯಿತು ಅನ್ನಲು ಅದು ಸಾಲದು. ಸಿಂಹಾಸನದ ಜಗಳ, ಗಡಿಯ ಯುದ್ಧ ಎಲ್ಲ ಇದ್ದವು. ಬರ ಸಿಕ್ಕ ಕೂಡಲೇ ಇತಿಹಾಸವನ್ನೆಲ್ಲ ಅದಕ್ಕೆ ಕಟ್ಟಿದರೆ ಈ ವಿದ್ಯೆಯ ಮೇಲೇ ನಂಬಿಕೆ ಹೋಗುತ್ತದೆ. ಆದರೆ ಇದೇ ಕಾರಣಕ್ಕೆ ನನಗೆ ನಮ್ಮ ಕೆರೆಗಳು ಬೇಕು. ದಂಡಕ ದೂರ, ಲೋಣಾರ್ ದೂರ. ಬೀದರಿನ ಕಮಠಾಣ ಕೆರೆ, ಸುರಪುರದ ಬೋನಾಳ ಕೆರೆ ಇಂಥವುಗಳ ತಳ ಹೇಳುವುದು ಇಲ್ಲಿಯ ಮಳೆಯ ಮಾತು. ಮಳೆಮಾಪಕ ಬಂದದ್ದು ಮೊನ್ನೆ ಮೊನ್ನೆ, ಹವಾಮಾನ ಇಲಾಖೆ ಶುರುವಾದದ್ದೇ 1875ರಲ್ಲಿ. ಅಷ್ಟರ ಲೆಕ್ಕ ಇಟ್ಟುಕೊಂಡು ಮುಂದಿನ ಬರ ಎಷ್ಟು ವರ್ಷ ನಡೆದೀತು ಅಂತ ಅಂದಾಜು ಮಾಡುವುದು ಕಷ್ಟ.

ಸೇಡಂ ರೈತ:
ಎಲ್ಲಾ ತಿಳೀತು. ಆದ್ರ ಹೂಳು ಬಿಟ್ರ ಕೆರ್ಯಾಗ ನೀರ ನಿಲ್ಲಂಗಿಲ್ಲ, ಹೊಲಕ್ಕ ಹಾಕಿದ್ರ ತೊಗರಿ ಛಲೋ ಬರ್ತದ. ತೆಗಿಬ್ಯಾಡ್ರಿ ಅಂದ್ರ ಊರಾಗ ಯಾರೂ ಕೇಳಂಗಿಲ್ಲ.

ಶಹಾಬಾದಿನವ:
ತೆಗೆಯಬೇಡಿ ಅಂತ ನಾನೂ ಹೇಳುವುದಿಲ್ಲ. ಕೆರೆ ಇರುವುದು ನೀರಿಗೆ.

ಬೀದರ್ ಭೂವಿಜ್ಞಾನ:
ತೆಗೆಯಿರಿ ಅಣ್ಣಾ. ಜೆಸಿಬಿ ಆಳದ ಜಾಗಕ್ಕೆ ಬಂದಾಗ ಅರ್ಧ ದಿನ ಬಿಡುವು ಕೇಳಿ, ಅಷ್ಟೇ. ಅಗೆದ ಗುಂಡಿಯ ಒಂದು ಗೋಡೆಯನ್ನು ಸಲಿಕೆಯಿಂದ ನೀಟಾಗಿ ಕೆತ್ತಿ, ಪಕ್ಕದಲ್ಲಿ ಟೇಪು ಇಟ್ಟು ಫೋಟೋ ತೆಗೆಯಿರಿ. ಆಮೇಲೆ ಎರಡೆರಡು ಸೆಂಟಿಮೀಟರಿಗೆ ಒಂದೊಂದು ಚೀಲ ಮಣ್ಣು. ಕೆಳಗಿನಿಂದ ಮೇಲಕ್ಕೆ ತೆಗೆಯಬೇಕು, ಇಲ್ಲದಿದ್ದರೆ ಮೇಲಿನದು ಉದುರಿ ಕೆಳಗಿನದರ ಜೊತೆ ಸೇರುತ್ತದೆ. ಚೀಲದ ಮೇಲೆ ಆಳ ಬರೆದು ಬಿಸಿಲು ತಾಗದಂತೆ ಇಡಿ.

ಸೇಡಂ ರೈತ:
ಸಲಿಕಿ ಅದ, ಟೇಪು ಅದ. ಚೀಲ ಎಂಥವು ತರ್ಲಿ?

ಬೀದರ್ ಭೂವಿಜ್ಞಾನ:
ಜಿಪ್ ಇರುವ ಹೊಸ ಪ್ಲಾಸ್ಟಿಕ್ ಚೀಲ. ಬೀಜ, ಗೊಬ್ಬರ ಹಾಕಿದ ಹಳೆಯ ಚೀಲ ಬೇಡ, ಅದರಲ್ಲಿನ ಪರಾಗ ಇದಕ್ಕೆ ಅಂಟುತ್ತದೆ. ಸೋಮವಾರ ಬೆಳಿಗ್ಗೆ ನಾನೇ ಬರುತ್ತೇನೆ, ಊರಿನ ಹೆಸರು ಮೆಸೇಜ್ ಮಾಡಿ.