/ಬೂಟ್ ತುಂಬಿ ಸೆಕ್ಯುರಿಟಿ ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತಿದೆ (ಉಬುಂಟು 22.04)

ಮಿಣುಕುಹುಳ:
ಉಬುಂಟು 22.04. ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಎನ್‌ಕ್ರಿಪ್ಶನ್ ಆರಿಸಿದ್ದು, ಹಾಗಾಗಿ /ಬೂಟ್ (ಸಿಸ್ಟಂ ಶುರುವಾಗಲು ಬೇಕಾದ ಫೈಲುಗಳ ಜಾಗ) ಬೇರೆ ಪಾರ್ಟಿಷನ್. ಅಪ್‌ಡೇಟ್‌ಗಳು ಡೌನ್‌ಲೋಡ್ ಆಗುತ್ತವೆ, ಕೊನೆಗೆ ಕರ್ನಲ್ (ಸಿಸ್ಟಂನ ತಿರುಳು) ಹತ್ತಿರ ಬಂದು "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಎಂದು ನಿಲ್ಲುತ್ತದೆ. ಅದರ ಕೆಳಗೆ "ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್: ಫೇಲ್ಡ್" ಅಂತ ಇನ್ನೊಂದು ಸಾಲು.

ಡಿಎಫ್ -ಎಚ್ /ಬೂಟ್ ಕೊಟ್ಟಾಗ: ಒಟ್ಟು 704 ಎಂಬಿ, ಬಳಕೆ 603, ಉಳಿದದ್ದು 65, ಶೇಕಡಾ 91.
ಯುನೇಮ್ -ಆರ್ (ಈಗ ಓಡುತ್ತಿರುವ ಕರ್ನಲ್): 6.8.0-45-ಜೆನೆರಿಕ್.
/ಬೂಟ್‌ನಲ್ಲಿರುವ ಕರ್ನಲ್‌ಗಳು: 5.15.0-119, 5.15.0-122, 6.8.0-40, 6.8.0-45. ಹೊಸದು 6.8.0-47, ಅದಕ್ಕೆ ಇನಿಟ್‌ಆರ್‌ಡಿ ಫೈಲ್ (ಬೂಟ್‌ನ ಆರಂಭದಲ್ಲಿ ಬೇಕಾಗುವ ಡ್ರೈವರ್, ಸಾಧನಗಳ ಕಟ್ಟು; ಇನಿಟ್‌ರಾಮ್‌ಎಫ್‌ಎಸ್ ಎಂದರೂ ಇದೇ) ಇಲ್ಲ.

ಬೇಡವಾದ ಪ್ಯಾಕೇಜ್ ತೆಗೆಯುವ ಆಪ್ಟ್ ಆಟೊರಿಮೂವ್ ಕೊಟ್ಟರೂ ಅದೇ ಎರರ್. ಸಿಸ್ಟಂ ಮಾಮೂಲಾಗಿ ನಡೆಯುತ್ತಿದೆ. ಸದ್ಯಕ್ಕೆ ಹಾಗೇ ಬಿಟ್ಟರೆ ತೊಂದರೆ ಉಂಟೇ?

ಕಪ್ಪುಪರದೆ:
/ಬೂಟ್‌ಗೆ ಹೋಗಿ ಹಳೇ ಇನಿಟ್‌ಆರ್‌ಡಿ ಫೈಲುಗಳನ್ನು ಆರ್‌ಎಂ ಕೊಟ್ಟು ಅಳಿಸಿಬಿಡಿ, ಎರಡು ನಿಮಿಷದ ಕೆಲಸ. ಲಾಕ್ ಎರರ್ ಬಂದರೆ /ವಾರ್/ಲಿಬ್/ಡಿಪಿಕೆಜಿ ಒಳಗಿನ ಲಾಕ್ ಫೈಲನ್ನೂ ತೆಗೆಯಿರಿ.

ತಂತಿಜಾಲ:
ಲಾಕ್ ಫೈಲ್ ತೆಗೆಯುವ ಸಲಹೆ ಬೇಡವೇ ಬೇಡ. ಆ ಫೈಲ್ ಯಾವಾಗಲೂ ಅಲ್ಲೇ ಇರುತ್ತದೆ. ಬೀಗ ಇರುವುದು ಫೈಲಿನಲ್ಲಲ್ಲ, ಅದನ್ನು ಹಿಡಿದುಕೊಂಡಿರುವ ಪ್ರೋಸೆಸ್‌ನಲ್ಲಿ. ಫೈಲ್ ಅಳಿಸಿದರೆ ಎರಡು ಡಿಪಿಕೆಜಿ (ಆಪ್ಟ್‌ನ ಕೆಳಗೆ ನಿಂತು ಪ್ಯಾಕೇಜ್ ಹಾಕುವ, ತೆಗೆಯುವ ಸಾಧನ) ಒಟ್ಟಿಗೆ ಓಡಿ ಪ್ಯಾಕೇಜ್ ಪಟ್ಟಿ ಕಲಸಿಹೋದೀತು. ಎರರ್ ಸಾಲಿನಲ್ಲೇ ಪ್ರೋಸೆಸ್ ಸಂಖ್ಯೆ ಇರುತ್ತದೆ. ಹೆಚ್ಚಿನ ಸಲ ಅದು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್, ತಾನಾಗಿ ಅಪ್‌ಡೇಟ್ ಹಾಕುವ ಪ್ರೋಗ್ರಾಂ. ಕಾದರೆ ತಾನೇ ಬಿಡುತ್ತದೆ.

ಆರ್‌ಎಂ ಕೂಡ ಕೊನೆಯ ಉಪಾಯ. ಫೈಲ್ ಹೋದದ್ದು ಡಿಪಿಕೆಜಿಗೆ ಗೊತ್ತಾಗುವುದಿಲ್ಲ, ಅದರ ಲೆಕ್ಕದಲ್ಲಿ ಹಳೇ ಕರ್ನಲ್ ಇನ್ನೂ ಇದೆ. ಕೈತಪ್ಪಿ 6.8.0-45ರ ಇನಿಟ್‌ಆರ್‌ಡಿ ಅಳಿಸಿದಿರೋ, ಮುಂದಿನ ಬೂಟ್‌ನಲ್ಲಿ ಪಾಸ್‌ವರ್ಡ್ ಕೇಳುವ ಪರದೆಯೇ ಬರುವುದಿಲ್ಲ. ಎನ್‌ಕ್ರಿಪ್ಟ್ ಆದ ಡಿಸ್ಕ್ ತೆರೆಯುವ ಸಾಮಾನೆಲ್ಲ ಅದರೊಳಗೇ ಇರುವುದು.

ಮಿಣುಕುಹುಳ ಅವರೇ, ಹಾಗೇ ಬಿಡಬೇಡಿ. ಒಂದು ಪ್ಯಾಕೇಜ್ ಅರ್ಧಕ್ಕೆ ನಿಂತಿರುವವರೆಗೆ ಪ್ರತಿ ಸಲವೂ ಆಪ್ಟ್ ಮೊದಲು ಅದನ್ನೇ ಮುಗಿಸಲು ಹೋಗಿ ಬೀಳುತ್ತದೆ. ಓಪನ್‌ಎಸ್‌ಎಸ್‌ಎಲ್, ಗ್ಲಿಬ್‌ಸಿ ತರದ ಮೂಲ ಲೈಬ್ರರಿಗಳ ಪ್ಯಾಚ್‌ಗಳೂ ಅದರ ಹಿಂದೆ ಸಾಲುಗಟ್ಟಿ ನಿಲ್ಲುತ್ತವೆ. 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಆಗಿ (ಆಪ್ಟ್‌ನ ಹೊರಗೆ ಅಪ್‌ಡೇಟ್ ಆಗುವ ಬೇರೆ ಬಗೆಯ ಪ್ಯಾಕೇಜ್) ಬರುವುದರಿಂದ ಅದೊಂದು ಅಪ್‌ಡೇಟ್ ಆಗುತ್ತಲೇ ಇರುತ್ತದೆ, ಅದನ್ನು ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳಬಾರದು.

ಮೊದಲು ಇವೆರಡರ ಫಲಿತಾಂಶ ಹಾಕಿ (ಕಮಾಂಡ್‌ಗಳನ್ನು ಓದುವ ಹಾಗೆ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಿರಿ):

ಎಲ್‌ಎಸ್ -ಎಲ್‌ಎಚ್ /ಬೂಟ್
ಡಿಪಿಕೆಜಿ -ಎಲ್ | ಗ್ರೆಪ್ ಲಿನಕ್ಸ್-ಇಮೇಜ್

ಮಿಣುಕುಹುಳ:
5.15ರ ಇನಿಟ್‌ಆರ್‌ಡಿ ತಲಾ 105 ಎಂಬಿ, 6.8ರದ್ದು ತಲಾ 140. ವಿಎಂಲಿನಸ್ (ಕರ್ನಲ್ ಫೈಲ್) ಕ್ರಮವಾಗಿ 11 ಮತ್ತು 14 ಎಂಬಿ, ಸಿಸ್ಟಂ.ಮ್ಯಾಪ್ (ಕರ್ನಲ್‌ನ ವಿಳಾಸ ಪಟ್ಟಿ) 6 ಮತ್ತು 9.

ಡಿಪಿಕೆಜಿ ಪಟ್ಟಿಯಲ್ಲಿ 6.8.0-47ರ ಎದುರು "ಐಎಫ್" ಅಂತಿದೆ. ಕೆಲವು ಹಳೇ ಕರ್ನಲ್‌ಗಳ ಎದುರು "ಆರ್‌ಸಿ". ಲಿನಕ್ಸ್-ಇಮೇಜ್-ಜೆನೆರಿಕ್ ಮತ್ತು ಲಿನಕ್ಸ್-ಇಮೇಜ್-ಜೆನೆರಿಕ್-ಎಚ್‌ಡಬ್ಲ್ಯುಇ-22.04 ಎರಡೂ ಕಾಣುತ್ತಿವೆ.

ತಂತಿಜಾಲ:
ನೀವು ಕೊನೆಯಲ್ಲಿ ಬರೆದ ಸಾಲಿನಲ್ಲೇ ರೋಗ ಇದೆ. ಎರಡೂ ಮೆಟಾಪ್ಯಾಕೇಜ್, ಅಂದರೆ ಬೇರೆ ಪ್ಯಾಕೇಜುಗಳನ್ನು ತರಿಸುವುದಕ್ಕಷ್ಟೇ ಇರುವಂಥವು. ಬರೀ ಜೆನೆರಿಕ್ 5.15 ಸರಣಿಯನ್ನು ಎಳೆಯುತ್ತದೆ, ಎಚ್‌ಡಬ್ಲ್ಯುಇ (ಹೊಸ ಹಾರ್ಡ್‌ವೇರ್‌ಗೆಂದು ಬರುವ ಹೊಸ ಕರ್ನಲ್ ಸಾಲು) 6.8 ಸರಣಿಯನ್ನು. ಎರಡಕ್ಕೂ ಬೇರೆಬೇರೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ, ಆದರೆ ನೀವು ಬೂಟ್ ಮಾಡುವುದು 6.8 ಮಾತ್ರ. ಮೆಟಾಪ್ಯಾಕೇಜ್ ಇರುವಷ್ಟು ದಿನ ಅದು ಹಿಡಿದುಕೊಂಡಿರುವ ಕರ್ನಲ್ಲನ್ನು ಆಟೊರಿಮೂವ್ ಮುಟ್ಟುವುದಿಲ್ಲ.

"ಐಎಫ್" ಅಂದರೆ ಫೈಲುಗಳು ಬಿಚ್ಚಿಕೊಂಡಿವೆ, ಕಾನ್ಫಿಗರ್ ಮಾಡುವಾಗ ಸೋತಿದೆ. "ಆರ್‌ಸಿ" ಅಂದರೆ ತೆಗೆದಾಗಿದೆ, ಸೆಟ್ಟಿಂಗ್ಸ್ ಫೈಲ್ ಮಾತ್ರ ಉಳಿದಿದೆ. ಅದರ ಯೋಚನೆ ಬಿಡಿ.

ಈಗ ಆಪ್ಟ್ ಬಳಸಬೇಡಿ, ಅದು ಮತ್ತೆ 47ರ ಹಿಂದೆಯೇ ಹೋಗುತ್ತದೆ. ನೇರ ಡಿಪಿಕೆಜಿಗೆ ಹೇಳಿ, 5.15.0-119ರ ಮೂರು ಪ್ಯಾಕೇಜುಗಳನ್ನೂ ಒಂದೇ ಸಾಲಿನಲ್ಲಿ ಪರ್ಜ್ (ಸೆಟ್ಟಿಂಗ್ಸ್ ಸಮೇತ ತೆಗೆಯುವುದು) ಮಾಡಲು:

ಸುಡೊ ಡಿಪಿಕೆಜಿ --ಪರ್ಜ್ ಲಿನಕ್ಸ್-ಇಮೇಜ್-5.15.0-119-ಜೆನೆರಿಕ್ ಲಿನಕ್ಸ್-ಮಾಡ್ಯೂಲ್ಸ್-5.15.0-119-ಜೆನೆರಿಕ್ ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ-5.15.0-119-ಜೆನೆರಿಕ್

ಮೂರೂ ಏಕೆಂದರೆ, ಇಮೇಜ್ ಪ್ಯಾಕೇಜ್ ತೆಗೆದರೆ ವಿಎಂಲಿನಸ್, ಇನಿಟ್‌ಆರ್‌ಡಿ ಹೋಗುತ್ತವೆ, ಸಿಸ್ಟಂ.ಮ್ಯಾಪ್ ಇರುವುದು ಮಾಡ್ಯೂಲ್ಸ್ ಪ್ಯಾಕೇಜಿನಲ್ಲಿ. ಒಟ್ಟು 122 ಎಂಬಿ ಬಿಡುವಾಗಿ, ಖಾಲಿ ಜಾಗ 187ಕ್ಕೆ ಬರುತ್ತದೆ. 47ಕ್ಕೆ ಬೇಕಾದದ್ದು ಸುಮಾರು 140. ಆಮೇಲೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ಮಿಣುಕುಹುಳ:
ಅರ್ಧ ಗೆದ್ದ ಹಾಗಾಯಿತು. 47ರ ಇನಿಟ್‌ಆರ್‌ಡಿ ತಯಾರಾಯಿತು. ಆದರೆ ಅದರ ಬೆನ್ನಿಗೇ "ಪ್ರೋಸೆಸಿಂಗ್ ಟ್ರಿಗರ್ಸ್ ಫಾರ್ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್" ಎಂದು ಬಂದು ಪುನಃ ಜಾಗವಿಲ್ಲ ಎನ್ನುತ್ತಿದೆ. ಇದ್ದ ಫೈಲನ್ನೇ ಮತ್ತೆ ಬರೆಯಲು ಹೊಸ ಜಾಗ ಏಕೆ?

ತಂತಿಜಾಲ:
ಇದನ್ನು ಮೊದಲೇ ಹೇಳಬೇಕಿತ್ತು, ನನ್ನ ಲೆಕ್ಕ ಒಂದು ಹೆಜ್ಜೆ ಹಿಂದೆ ಬಿತ್ತು. ಅದೇ ಕಂತಿನಲ್ಲಿ ಇಂಟೆಲ್-ಮೈಕ್ರೋಕೋಡ್ ಅಥವಾ ಲಿನಕ್ಸ್-ಫರ್ಮ್‌ವೇರ್ (ಪ್ರೊಸೆಸರ್, ಇತರ ಹಾರ್ಡ್‌ವೇರ್‌ಗಳ ಒಳಗೆ ಓಡುವ ಕೋಡ್) ಬಂದಿರಬೇಕು. ಅವೂ ಇನಿಟ್‌ಆರ್‌ಡಿಯನ್ನು ಹೊಸದಾಗಿ ಕಟ್ಟಲು ಹೇಳುತ್ತವೆ, ಕಟ್ಟುವುದು ತೀರ ಹೊಸ ಕರ್ನಲ್ಲಿಗೆ. ಹಳೆಯದರ ಮೇಲೆ ನೇರವಾಗಿ ಬರೆಯುವುದಿಲ್ಲ, ಪಕ್ಕದಲ್ಲಿ ".ನ್ಯೂ" ಎಂಬ ಬಾಲದ ಫೈಲ್ ಪೂರ್ತಿ ಮಾಡಿ, ಆಮೇಲೆ ಹೆಸರು ಬದಲಿಸುತ್ತದೆ. ನಡುವೆ ಕರೆಂಟ್ ಹೋದರೂ ಹಳೇ ಫೈಲ್ ಉಳಿಯಲಿ ಎಂದು ಈ ಏರ್ಪಾಡು. ಹಾಗಾಗಿ ಆ ಕ್ಷಣಕ್ಕೆ ಎರಡೂ ಹಿಡಿಸಬೇಕು. ನಿಮ್ಮಲ್ಲಿ ಉಳಿದಿರುವುದು 47 ಎಂಬಿ ಚಿಲ್ಲರೆ, ಬೇಕಾದದ್ದು 140. ರೂಟ್‌ಗೆಂದು (ನಿರ್ವಾಹಕ ಖಾತೆ) ಎಕ್ಸ್ಟ್4 ಫೈಲ್‌ಸಿಸ್ಟಂ ಕಾದಿಟ್ಟ ಶೇಕಡಾ 5 ಸೇರಿಸಿದರೂ ಸಾಲದು.

6.8.0-40ರ ಮೂರು ಪ್ಯಾಕೇಜುಗಳನ್ನೂ ಮೇಲಿನಂತೆಯೇ ಪರ್ಜ್ ಮಾಡಿ. 163 ಎಂಬಿ ಸಿಗುತ್ತದೆ. ಮತ್ತೆ --ಕಾನ್ಫಿಗರ್ -ಎ.

ಅದು ಎರರ್ ಇಲ್ಲದೆ ಮುಗಿದ ಮೇಲೆ ಬೇರಿಗೆ ಕೈಹಾಕಿ:

ಸುಡೊ ಆಪ್ಟ್ ಪರ್ಜ್ -ಎಸ್ ಲಿನಕ್ಸ್-ಜೆನೆರಿಕ್ ಲಿನಕ್ಸ್-ಇಮೇಜ್-ಜೆನೆರಿಕ್ ಲಿನಕ್ಸ್-ಹೆಡರ್ಸ್-ಜೆನೆರಿಕ್

-ಎಸ್ ಇದ್ದರೆ ಬರೀ ತಾಲೀಮು, ಏನೂ ಅಳಿಯುವುದಿಲ್ಲ. ತೆಗೆಯುವ ಪಟ್ಟಿಯಲ್ಲಿ "ಎಚ್‌ಡಬ್ಲ್ಯುಇ" ಇರುವ ಒಂದೇ ಒಂದು ಹೆಸರು ಕಂಡರೂ ಅಲ್ಲೇ ನಿಲ್ಲಿಸಿ, ಇಲ್ಲಿ ಹಾಕಿ. ಇಲ್ಲವಾದರೆ -ಎಸ್ ಬಿಟ್ಟು ಕೊಡಿ, ಬಳಿಕ ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್. ಆಮೇಲೆ ರೀಬೂಟ್. ಪ್ಯಾಚ್ ಆದ ಕರ್ನಲ್ ಡಿಸ್ಕಿನಲ್ಲಿದ್ದರೆ ಸಾಲದು. ರೀಬೂಟ್ ಆಗುವವರೆಗೆ ಓಡುತ್ತಿರುವುದು ಹಳೆಯದೇ.

ಅರೆಬರೆ:
ನನ್ನಲ್ಲೂ ಇದೇ ಎರರ್, ಆದರೆ ಎಚ್‌ಡಬ್ಲ್ಯುಇ ಒಂದೇ ಇದೆ. ಐದು ಕರ್ನಲ್ ಕುಳಿತಿವೆ, ಆಟೊರಿಮೂವ್ "0 ಟು ರಿಮೂವ್" ಎನ್ನುತ್ತದೆ. ಇನಿಟ್‌ಆರ್‌ಡಿಯನ್ನೇ ಚಿಕ್ಕದು ಮಾಡಲು ಬರುವುದಿಲ್ಲವೇ?

ತಂತಿಜಾಲ:
ಆಪ್ಟ್-ಮಾರ್ಕ್ ಶೋಮ್ಯಾನ್ಯುಯಲ್ | ಗ್ರೆಪ್ ಲಿನಕ್ಸ್-ಇಮೇಜ್ ಕೊಟ್ಟು ನೋಡಿ. ಸಂಖ್ಯೆ ಇರುವ ಹೆಸರುಗಳು ಬಂದರೆ, ಅವನ್ನು ಯಾವಾಗಲೋ ಹೆಸರು ಹಿಡಿದು ಇನ್‌ಸ್ಟಾಲ್ ಮಾಡಲಾಗಿದೆ. ಬಳಕೆದಾರರೇ ಬೇಕೆಂದದ್ದನ್ನು ಆಟೊರಿಮೂವ್ ತೆಗೆಯುವುದಿಲ್ಲ. ಅಂಥವಕ್ಕೆ ಸುಡೊ ಆಪ್ಟ್-ಮಾರ್ಕ್ ಆಟೊ ಎಂದು ಆ ಹೆಸರು ಕೊಡಿ. ಮೆಟಾಪ್ಯಾಕೇಜನ್ನು ಮಾತ್ರ ಮ್ಯಾನ್ಯುಯಲ್ ಆಗಿಯೇ ಬಿಡಿ, ಅದು ಹೋದರೆ ಹೊಸ ಕರ್ನಲ್ ಬರುವುದೇ ನಿಲ್ಲುತ್ತದೆ.

ಚಿಕ್ಕದು ಮಾಡಬಹುದು. /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಇನಿಟ್‌ರಾಮ್‌ಎಫ್‌ಎಸ್.ಕಾನ್ಫ್ ಫೈಲಿನಲ್ಲಿ ಕಂಪ್ರೆಸ್=ಎಕ್ಸ್‌ಝಡ್ ಮಾಡಿದರೆ ಗಾತ್ರ ಇಳಿಯುತ್ತದೆ, ಕಟ್ಟುವುದೂ ಬಿಚ್ಚುವುದೂ ನಿಧಾನ. ಮಾಡ್ಯೂಲ್ಸ್=ಡೆಪ್ ಇನ್ನೂ ಹೆಚ್ಚು ಇಳಿಸುತ್ತದೆ, ಆದರೆ ಈ ಯಂತ್ರಕ್ಕೆ ಬೇಕಾದ ಡ್ರೈವರ್ ಮಾತ್ರ ಒಳಗೆ ಹೋಗುವುದರಿಂದ ಅದೇ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೆ ಬೂಟ್ ಆಗದೆ ಇರಬಹುದು. ನಾನಾದರೆ ಮೊದಲನೆಯದನ್ನೇ ಮಾಡುತ್ತೇನೆ. ಬದಲಿಸಿದ ಮೇಲೆ ಸುಡೊ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು, ಅದಕ್ಕೂ ".ನ್ಯೂ" ಫೈಲಿನಷ್ಟು ಜಾಗ ಬೇಕು.

ಮಿಣುಕುಹುಳ:
ಎಚ್‌ಡಬ್ಲ್ಯುಇ ಹೆಸರು ತಾಲೀಮಿನಲ್ಲಿ ಬರಲಿಲ್ಲ, ಮುಂದುವರಿದೆ. ಆಟೊರಿಮೂವ್ 5.15.0-122ನ್ನೂ ಅದರ ಹೆಡರ್‌ಗಳನ್ನೂ ತೆಗೆಯಿತು. ರೀಬೂಟ್ ಆದ ಮೇಲೆ ಯುನೇಮ್ 6.8.0-47 ತೋರಿಸುತ್ತದೆ, 45 ಪಕ್ಕದಲ್ಲಿದೆ. /ಬೂಟ್ ಬಳಕೆ 336 ಎಂಬಿ, ಶೇಕಡಾ 51. ಬಾಕಿ ಇದ್ದ ಅಪ್‌ಡೇಟ್‌ಗಳೆಲ್ಲ ಒಂದೇ ಸಲ ಇಳಿದವು. 45ನ್ನೂ ತೆಗೆದುಬಿಡಲೇ?

ತಂತಿಜಾಲ:
ಬೇಡ. 47ರಲ್ಲಿ ವೈಫೈ ಅಥವಾ ಗ್ರಾಫಿಕ್ಸ್ ಕೈಕೊಟ್ಟರೆ ಬೂಟ್ ಆಗುವಾಗ ಕರ್ನಲ್ ಆರಿಸುವ ಗ್ರಬ್ ಮೆನುವಿನಿಂದ ಹಿಂದಕ್ಕೆ ಹೋಗಲು ಅದೊಂದೇ ದಾರಿ. ಮುಂದಿನ ಕರ್ನಲ್ ಬಂದಾಗ ಅದರ ಸರದಿ ತಾನಾಗಿ ಬರುತ್ತದೆ.