ಫಾರ್ವರ್ಡ್ ಹಾಕಿದವ್ರು ಲೆಕ್ಕಾನೂ ಹಾಕ್ರಿ

(ಗುಂಪು: ಬಳ್ಳಾರಿ ಡಿಪ್ಲೊಮಾ 83)

ವೀರೇಶ, ತೋರಣಗಲ್ಲು: *ಫಾರ್ವರ್ಡ್ ಆಗಿದೆ* ನಮ್ಮ ಜಿಂದಾಲ್ ಉಕ್ಕಿನ ಕಾರ್ಖಾನೆ ಬಳಿ 25 ಮೆಗಾವ್ಯಾಟ್ ಹಸಿರು ಹೈಡ್ರೋಜನ್ ಘಟಕ! ಸೂರ್ಯ, ಗಾಳಿಯ ಕರೆಂಟಿನಿಂದ ನೀರು ಒಡೆದು ಮಾಡುವ ಗ್ಯಾಸ್! ವರ್ಷಕ್ಕೆ 3,800 ಟನ್! ಕಲ್ಲಿದ್ದಲಿನ ಕಾಲ ಮುಗಿಯಿತು!! ಇಂಧನ ಕ್ರಾಂತಿಗೆ ಬಳ್ಳಾರಿಯೇ ನಾಯಕ!!!

ವೀರೇಶ: ಧೂಳಿನ ಊರು ಅಂತ ಬೈತಿದ್ರಲ್ಲ, ಈಗ ಹೇಳ್ರಪ್ಪ.

ಬಸವರಾಜ, ರಾಯಚೂರು: ಕಲ್ಲಿದ್ದಲು ಮುಗೀತಾ? ನಿನ್ನೆ ರಾತ್ರಿ ನಿನ್ನ ಫೋನ್ ಯಾತರ ಮ್ಯಾಲ ಚಾರ್ಜ್ ಆತಪ?

ವೀರೇಶ: ಬಂತು ನೋಡ್ರಿ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆ.

ಬಸವರಾಜ: ಬರಲಿ ಬಿಡು. 1985ರಾಗ ಮೊದಲನೇ ಯುನಿಟ್ ಶುರುವಾತು, ಎಂಟು ಯುನಿಟ್ ಆಗಿ 1,720 ಮೆಗಾವ್ಯಾಟ್ ಆಗೋತನಕ ಅಲ್ಲೇ ಇದ್ದೆ. ದೊಡ್ಡದು ಮಾಡೋದಂದ್ರ ಏನಂತ ನನಗ ಫಾರ್ವರ್ಡ್‌ನಾಗ ಹೇಳಬ್ಯಾಡ.

ಗಾಯತ್ರಿ: ಜಗಳ ಆಮೇಲೆ ಆಡ್ರಿ, ಮೊದಲು ಲೆಕ್ಕ ಮಾಡೋಣ. ಕಲ್ಲಿದ್ದಲಿನ ಬದಲು ಬರೀ ಹೈಡ್ರೋಜನ್‌ನಿಂದಲೇ ಅದಿರು ಕರಗಿಸದೆ ಕಬ್ಬಿಣ ಮಾಡಿದ್ರೆ ಟನ್ನಿಗೆ ಸುಮಾರು 55 ಕೆಜಿ ಬೇಕು. 3,800 ಟನ್ ಅಂದ್ರೆ ಹತ್ತಿರ ಹತ್ತಿರ 70 ಸಾವಿರ ಟನ್ ಕಬ್ಬಿಣ. ಅಲ್ಲಿಯ ಕಾರ್ಖಾನೆ ಸಾಮರ್ಥ್ಯ ವರ್ಷಕ್ಕೆ ಒಂದೂವರೆ ಕೋಟಿ ಟನ್ನಿಗೂ ಜಾಸ್ತಿ. ನೂರಕ್ಕೆ ಅರ್ಧನೂ ಬರಲ್ಲ.

ವೀರೇಶ: ಅಷ್ಟೇನಾ?

ವೀರೇಶ: ಇರ್ಲಿ, ಎಲ್ಲಾ ಸಣ್ಣದಾಗೇ ಶುರುವಾಗೋದು. ನಮ್ಮ ಕಾರ್ಖಾನೆಗೆ ಕೋರೆಕ್ಸ್ (ಕೋಕ್ ಬದಲು ಹೆಚ್ಚಾಗಿ ನೇರ ಕಲ್ಲಿದ್ದಲಿನಿಂದಲೇ ಕಬ್ಬಿಣ ಕರಗಿಸೋ ಕುಲುಮೆ) ಬಂದಾಗ ಇಡೀ ದೇಶದಲ್ಲಿ ಬೇರೆ ಎಲ್ಲೂ ಇರಲಿಲ್ಲ. ನಕ್ಕೋರೆಲ್ಲ ಆಮೇಲೆ ಬಂದು ನೋಡ್ಕೊಂಡು ಹೋದ್ರು.

ಗಾಯತ್ರಿ: ಅದನ್ನೇ ಕೇಳ್ತೀನಿ. ನಿಮ್ಮಲ್ಲಿ ಎರಡು ಕೋರೆಕ್ಸ್ ಆದ್ಮೇಲೆ ಮೂರನೇದು ಎಲ್ಲಿ? ಆಮೇಲೆ ಕಾರ್ಖಾನೆ ಬೆಳೆದಿದ್ದು ಹೆಚ್ಚಾಗಿ ಬ್ಲಾಸ್ಟ್ ಫರ್ನೇಸ್ ಮೇಲೆ, ಅಂದ್ರೆ ಅದೇ ಹಳೇ ಕೋಕ್ ಕುಲುಮೆ. ಮೊದಲನೇದು ಕಟ್ಟಿದಾಗ ಫೋಟೋ ತೆಗೀತಾರೆ. ಹತ್ತನೇದು ಯಾರು, ಯಾಕೆ ಕಟ್ತಾರೆ ಅನ್ನೋದೇ ನನ್ನ ಪ್ರಶ್ನೆ.

ಶರಣಪ್ಪ, ಕುಷ್ಟಗಿ: ಅದೆಲ್ಲ ಇರ್ಲಿ, ನೀರು? ತುಂಗಭದ್ರಾ ಡ್ಯಾಮ್ 133 ಟಿಎಂಸಿ ಇದ್ದದ್ದು ಹೂಳು ತುಂಬಿ 105ಕ್ಕ ಬಂದೈತಿ. 2024ರಾಗ 19ನೇ ಗೇಟ್ ಕೊಚ್ಚಿಕೊಂಡು ಹೋತು. ಈಗ ನೀರು ಒಡದು ಗ್ಯಾಸ್ ಮಾಡ್ತಾರಂತ!

ಬಸವರಾಜ: ಶರಣಪ್ಪ, ನೀರಿನ ಮಾತಿಗೆ ನಾ ವೀರೇಶನ ಕಡೆ. (ಇದೊಂದೇ ಸಲ.) ಒಂದು ಕೆಜಿ ಹೈಡ್ರೋಜನ್‌ಗೆ ಒಂಬತ್ತು ಲೀಟರ್ ನೀರು ಒಡೀಬೇಕು, ಶುದ್ಧ ಮಾಡೋದು ತಂಪು ಮಾಡೋದು ಸೇರಿ 20 ಅನ್ನು. ವರ್ಷಕ್ಕ 7.6 ಕೋಟಿ ಲೀಟರ್. ಈಗ ನಮ್ಮ ಶಕ್ತಿನಗರದ್ದು ಕೇಳು. 2015ರ ನಿಯಮದ ಮಿತಿ ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಲೀಟರ್. ಎಂಟೂ ಯುನಿಟ್ ಫುಲ್ ಲೋಡ್ ಓಡಿದ್ರ ದಿನಕ್ಕ 14 ಕೋಟಿ ಲೀಟರ್ ದಾಟ್ತದ. ಅವರ ಇಡೀ ವರ್ಷದ್ದು ನಮ್ಮ ಅರ್ಧ ದಿನದ ನೀರು.

ಖಾದರ್: ಬಸ್ಸಣ್ಣ, ನಿನ್ನ ಪೆನ್ಶನ್ ನಿಲ್ಲಿಸ್ತಾರೆ ನೋಡು.

ಬಸವರಾಜ: ತ್ರಾಸು ಇರೋದು ಕರೆಂಟಿಂದು. ಕೆಜಿಗೆ 55 ಯೂನಿಟ್ ಹಿಡಿ, ವರ್ಷಕ್ಕ 20.9 ಕೋಟಿ ಯೂನಿಟ್. 25 ಮೆಗಾವ್ಯಾಟ್ ಮಷೀನು ವರ್ಷದ 8,760 ತಾಸೂ ಓಡಿದ್ರ 21.9 ಕೋಟಿ. ಅಂದ್ರ ಹಗಲು ರಾತ್ರಿ ನಿಲ್ಲಂಗಿಲ್ಲ. ಸೂರ್ಯ ಸಂಜಿಗೆ ಮನಿಗೆ ಹೋಗ್ತಾನ. ಆಮ್ಯಾಲ?

ವೀರೇಶ: ಗಾಳಿ ಐತಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಎಲ್ಲಿ ನೋಡಿದ್ರೂ ಫ್ಯಾನೇ.

ಶರಣಪ್ಪ: ಅದಾವು. ಆಷಾಢದಾಗ ಬರ‍್ರಂತ ತಿರುಗ್ತಾವು, ಮಾಗಿಯೊಳಗ ಬಾಳ ದಿನ ಸುಮ್ನ ನಿಂತಿರ್ತಾವು. ಫ್ಯಾನು ನಮ್ಮ ಹೊಲದ ಬಾಜೂಕ, ನಮಗ ತ್ರೀ ಫೇಸ್ ಏಳು ತಾಸು, ಅದೂ ಪಾಳಿ ಮ್ಯಾಲ. ನಡುರಾತ್ರಿ ಬ್ಯಾಟ್ರಿ ಹಿಡಕೊಂಡು ಮೋಟ್ರ ಹಚ್ಚಾಕ ಹೋಗೋನು ನಾನು. ನಾಯಕರು ಅಂತೀರಿ, ಆ ಹೊತ್ತಿನ್ಯಾಗ ಒಬ್ಬರೂ ಕಾಣಂಗಿಲ್ಲ.

ಬಸವರಾಜ: ನಮ್ಮ ಶಿಫ್ಟ್‌ನವರು ಕಾಣ್ತಿದ್ರು. ಹಗಲು ಸೋಲಾರ್ ಬಂತಂದ್ರ ಲೋಡ್ ಇಳಿಸು, ಸಂಜಿಗೆ ಏರಿಸು. ಶೇಕಡಾ 55ಕ್ಕ ಇಳಿಸ್ರಿ, ಮುಂದ ಹಂತ ಹಂತವಾಗಿ 40ಕ್ಕ ಅಂತ 2023ರಾಗ ನಿಯಮಾನೇ ಬಂದದ. ಆ 210 ಮೆಗಾವ್ಯಾಟ್ ಬಾಯ್ಲರ್ ಕಟ್ಟಿದ್ದು ಒಂದೇ ಸಮ ಓಡಲಿ ಅಂತ. ಲೋಡ್ ಕಡಿಮಿ ಆದ್ರ ಒಳಗಿನ ಬೆಂಕಿ ನಿಲ್ಲಂಗಿಲ್ಲ, ಆಯಿಲ್ ಹಾಕಬೇಕು. ಕಾಯೋದು ಆರೋದು ಆಗಿ ಟ್ಯೂಬ್ ಒಡೀತಾವ. ಹೊಸ ತಂತ್ರಜ್ಞಾನ ದೊಡ್ಡದಾದಷ್ಟೂ ಹಳೇದನ್ನ ಇಳಿಸಿ ಏರಿಸೋ ಕೆಲಸ ಹೆಚ್ಚಾಗ್ತದ. ಸಭಾದಾಗ ಹಾರ ಹಾಕಿಸಿಕೊಳ್ಳೋ ಯಾವ ಸಾಹೇಬನೂ ಅದನ್ನ ಮಾತಾಡಂಗಿಲ್ಲ.

ವೀರೇಶ: ಹಾರ ಹಾಕಿಸ್ಕೊಳ್ಳೋರೇ ದುಡ್ಡು ಹಾಕೋದು ಕಣಪ್ಪ. 2023ರ ಜನವರಿಯಲ್ಲಿ ಕೇಂದ್ರ ಹಸಿರು ಹೈಡ್ರೋಜನ್‌ಗೆ 19,744 ಕೋಟಿ ರೂಪಾಯಿ ಮಿಷನ್ ಮಾಡ್ತು, 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಗುರಿ ಯಾರು ಬೇಕಾದ್ರೂ ಬರೀಬಹುದು. ನಿಜವಾಗ್ಲೂ ಘಟಕ ಕಟ್ಟಿದೋನು ಒಬ್ಬನಾದ್ರೂ ಇದ್ದಾನಲ್ಲ?

ಗಾಯತ್ರಿ: ಒಪ್ಪಿದೆ. ಆದ್ರೆ ನಿನ್ನ ಫಾರ್ವರ್ಡ್‌ನಲ್ಲಿ ಮುಖ್ಯ ಸುದ್ದೀನೇ ಇಲ್ಲ. ಆ 3,800 ಟನ್ನಿಗೆ ಏಳು ವರ್ಷದ ಖರೀದಿ ಒಪ್ಪಂದ ಆಗಿದೆ. ಕೊಳ್ಳೋರು ಗಟ್ಟಿ ಇಲ್ದೆ ಇಂಥದಕ್ಕೆ ಯಾವ ಬ್ಯಾಂಕೂ ಸಾಲ ಕೊಡಲ್ಲ. ಮಷೀನಿಗಿಂತ ಆ ಸಹಿಗೇ ಧೈರ್ಯ ಬೇಕು ಅಂತ ನನಗನಿಸುತ್ತೆ.

ಖಾದರ್: ಕೊಂಡೋರು ಯಾರು?

ಗಾಯತ್ರಿ: ಅದೇ ಗುಂಪಿನ ಉಕ್ಕಿನ ಕಂಪನಿ.

ಖಾದರ್: ಅಂದ್ರೆ ತನ್ನ ಅಂಗಡಿಗೆ ತಾನೇ ಗಿರಾಕಿ 😀

ಗಾಯತ್ರಿ: ನಗಬೇಡ, ಮೊದಲ ಗಿರಾಕಿ ಮನೆಯವರೇ ಆದ್ರೆ ತಪ್ಪಿಲ್ಲ. ಎರಡನೇ ಗಿರಾಕಿ ಹೊರಗಿನವನು ಆಗ್ಬೇಕು. ವೀರೇಶ, ಮನೆ ಕಟ್ಟಿಸ್ತಿದೀಯಲ್ಲ, ಹಸಿರು ಕಬ್ಬಿಣ ಅಂತ ಟನ್ನಿಗೆ ಸಾವಿರಗಟ್ಟಲೆ ಜಾಸ್ತಿ ಕೇಳಿದ್ರೆ ಕೊಡ್ತೀಯಾ?

ವೀರೇಶ: ನಾನಾ? 

ವೀರೇಶ: ಮೇಲಿನ ಸ್ಲ್ಯಾಬಿಗೆ ಎಲ್ಲಿ ಅಗ್ಗ ಸಿಗುತ್ತೆ ಅಂತ ನಿನ್ನೆ ತಾನೇ ನಾಲ್ಕು ಅಂಗಡಿ ಅಲೆದು ಬಂದೆ.

ಗಾಯತ್ರಿ: ಹಂಗಾದ್ರೆ ಸರ್ಕಾರನೇ ಕೊಳ್ಬೇಕು. ಸೇತುವೆ, ರೈಲು ಕಂಬಿ, ಇಂಥದಕ್ಕೆಲ್ಲ ಇಷ್ಟು ಪಾಲು ಹಸಿರು ಉಕ್ಕು ಅಂತ ಕಡ್ಡಾಯ ಮಾಡ್ಲಿ. ಹತ್ತನೇ ಘಟಕ ತಾನಾಗೇ ಏಳುತ್ತೆ.

ಶರಣಪ್ಪ: ಡ್ಯಾಮಿಗೆ ಹೊಸ ಗೇಟ್ ಹಾಕ್ತಾರಲ್ಲ, ಅದಕ್ಕೂ ಇದನ್ನ ಬರಸ್ರಿ ಮತ್ತ.

ಬಸವರಾಜ: ಟೆಂಡರ್‌ನಾಗ ಕಡಿಮಿ ರೇಟ್ ಹಾಕಿದವಗೇ ಕೆಲಸ. ಬಣ್ಣ ಯಾರೂ ಕೇಳಂಗಿಲ್ಲ.